ಲಾರಿ ಹತ್ತೋಕೂ ಮೊದಲು: ಅಮೆರಿಕದ ಒಂದು ಎಲ್‌ಎಲ್ ಕಾಗದದ ಇತಿಹಾಸ

ಕೇಳ್ತಿರೋರಲ್ಲಿ ಬೈಕಿಗೋ ಕಾರಿಗೋ ಎಲ್‌ಎಲ್ ಮಾಡಿಸಿದವರು ತುಂಬಾ ಜನ ಇರ್ತೀರಿ. ಒಂದಿಷ್ಟು ಪ್ರಶ್ನೆಗೆ ಉತ್ತರ, ಆಮೇಲೆ ಗಾಡಿಗೆ ಕೆಂಪು ಅಕ್ಷರದ ‘ಎಲ್’ ಬೋರ್ಡು. ಇವತ್ತಿನ ಕತೆಯೂ ಅಂಥದ್ದೇ ಒಂದು ಕಾಗದದ್ದು. ಅಮೆರಿಕದಲ್ಲಿ ಲಾರಿ ಕಲಿಯೋಕೆ ಹೊರಟವರು ಮೊದಲು ಪಡೀಬೇಕಾದ ಕಮರ್ಷಿಯಲ್ ಲರ್ನರ್ಸ್ ಪರ್ಮಿಟ್, ಚಿಕ್ಕದಾಗಿ ಸಿಎಲ್‌ಪಿ. ಈ ಕಾಗದ ಈಗಿರೋ ರೂಪಕ್ಕೆ ಬರೋಕೆ ಮೂವತ್ತು ವರ್ಷಕ್ಕೂ ಹೆಚ್ಚು ಹಿಡೀತು. ಯಾಕೆ ಅಂತ ನೋಡೋಣ.

ಮೊದಲು 1980ರ ದಶಕಕ್ಕೆ ಹೋಗೋಣ. ಆಗ ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಕಾರಿನ ಲೈಸೆನ್ಸ್ ಇದ್ದವರು ಅದೇ ಲೈಸೆನ್ಸ್ ಇಟ್ಕೊಂಡು ಟ್ರೈಲರ್ ಲಾರಿಯನ್ನೂ ಬಸ್ಸನ್ನೂ ಓಡಿಸಬಹುದಿತ್ತು. ಸರಕು ತುಂಬಿದ ಟ್ರೈಲರ್ ಅಂದ್ರೆ ಸುಮಾರು 36 ಟನ್ ತೂಕ. ಅದನ್ನ ಓಡಿಸೋಕೆ ಬರುತ್ತಾ ಅಂತ ಯಾರೂ ಪರೀಕ್ಷೆ ಮಾಡ್ತಿರಲಿಲ್ಲ.

ಇನ್ನೊಂದು ತೊಂದರೆಯೂ ಇತ್ತು. ಲೈಸೆನ್ಸ್ ಕೊಡೋದು ಆಯಾ ರಾಜ್ಯದ ಕೆಲಸ. ಒಂದು ರಾಜ್ಯದ ದಾಖಲೆ ಇನ್ನೊಂದಕ್ಕೆ ಕಾಣ್ತಿರಲಿಲ್ಲ. ಹಾಗಾಗಿ ಕೆಲವು ಡ್ರೈವರ್‌ಗಳು ಎರಡು ಮೂರು ರಾಜ್ಯಗಳ ಲೈಸೆನ್ಸ್ ಜೇಬಲ್ಲಿ ಇಟ್ಕೊಂಡಿರ್ತಿದ್ರು. ಒಂದರಲ್ಲಿ ಕೇಸು ಜಾಸ್ತಿ ಆಯ್ತಾ, ಇನ್ನೊಂದನ್ನ ತೋರಿಸಿದ್ರೆ ಆಯ್ತು. ಒಂದು ಲೈಸೆನ್ಸ್ ರದ್ದಾದ್ರೂ ಗಾಡಿ ಮಾತ್ರ ನಿಲ್ತಿರಲಿಲ್ಲ.

ಇದಕ್ಕೆ ಕಡಿವಾಣ ಹಾಕಿದ್ದು ಕಮರ್ಷಿಯಲ್ ಮೋಟಾರ್ ವೆಹಿಕಲ್ ಸೇಫ್ಟಿ ಆಕ್ಟ್. 1986ರ ಅಕ್ಟೋಬರ್ 27ರಂದು ಅಧ್ಯಕ್ಷ ರೊನಾಲ್ಡ್ ರೇಗನ್ ಅದಕ್ಕೆ ಸಹಿ ಹಾಕಿದ್ರು. ಲೈಸೆನ್ಸ್ ಕೊಡುವ ಅಧಿಕಾರ ರಾಜ್ಯಗಳ ಹತ್ತಿರವೇ ಉಳಿಯಿತು. ಆದರೆ ಕನಿಷ್ಠ ಮಟ್ಟ ಎಷ್ಟಿರಬೇಕು ಅನ್ನೋದನ್ನ ಕೇಂದ್ರ ಸರ್ಕಾರ ನಿಗದಿ ಮಾಡಿತು. ಒಬ್ಬರಿಗೆ ಒಂದೇ ಲೈಸೆನ್ಸ್, ದೇಶಕ್ಕೆಲ್ಲಾ ಸೇರಿ ಒಂದೇ ಕಂಪ್ಯೂಟರ್ ಜಾಲ. 26,001 ಪೌಂಡ್, ಅಂದ್ರೆ ಹತ್ತಿರಹತ್ತಿರ 11,800 ಕಿಲೋ ಅಥವಾ ಅದಕ್ಕಿಂತ ಭಾರದ ಗಾಡಿಗೆ ಬೇರೆಯದೇ ಪರೀಕ್ಷೆ. ಎಲ್ಲಾ ಡ್ರೈವರ್‌ಗಳೂ ಈ ಹೊಸ ಲೈಸೆನ್ಸ್ ಪಡೆಯೋಕೆ ಕೊಟ್ಟ ಗಡುವು 1992ರ ಏಪ್ರಿಲ್ 1.

ಎಲ್ಲಾ ಸರಿಹೋಯ್ತು ಅಂದ್ಕೊಂಡ್ರಾ? ಎರಡೂವರೆ ವರ್ಷ ಮುಂದೆ ಹೋಗೋಣ.

1994ರ ನವೆಂಬರ್ 8. ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ಹತ್ತಿರದ ಹೆದ್ದಾರಿ. ಮುಂದೆ ಹೋಗ್ತಿದ್ದ ಲಾರಿಯಿಂದ ಕಬ್ಬಿಣದ ಒಂದು ಭಾಗ ಕಳಚಿ ರಸ್ತೆಗೆ ಬಿತ್ತು. ಹಿಂದೆ ಬರ್ತಿದ್ದ ವ್ಯಾನ್ ಅದರ ಮೇಲೆ ಹಾದು, ಇಂಧನದ ಟ್ಯಾಂಕ್ ಒಡೆದು ಬೆಂಕಿ ಹತ್ತಿಕೊಂಡಿತು. ಅಪ್ಪ ಅಮ್ಮ ಬದುಕಿದ್ರು. ಅವರ ಆರು ಮಕ್ಕಳು ತೀರಿಕೊಂಡ್ರು.

ಲಾರಿ ಡ್ರೈವರ್ ಹತ್ತಿರ ಲೈಸೆನ್ಸ್ ಇತ್ತು. ಅದು ಪಕ್ಕದ ಇಲಿನಾಯ್ ರಾಜ್ಯದಲ್ಲಿ ಲಂಚ ಕೊಟ್ಟು ಪಡೆದದ್ದು ಅನ್ನೋದು ಆಮೇಲೆ ಹೊರಬಂತು. ಆ ರಾಜ್ಯದಲ್ಲಿ ಲೈಸೆನ್ಸ್ ಕೊಡೋದು ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ. ಆಗ ಆ ಹುದ್ದೆಯಲ್ಲಿದ್ದವರು ಜಾರ್ಜ್ ರಯಾನ್. ಸಿಬ್ಬಂದಿ ದುಡ್ಡು ತಗೊಂಡು ಲಾರಿ ಲೈಸೆನ್ಸ್ ಕೊಡ್ತಿದ್ರು, ಅದರಲ್ಲಿ ಒಂದು ಪಾಲು ರಯಾನ್ ಅವರ ಚುನಾವಣಾ ನಿಧಿಗೆ ಹೋಗಿತ್ತು ಅಂತ ಕೇಂದ್ರದ ತನಿಖೆ ಬಯಲು ಮಾಡಿತು. ಅಷ್ಟರಲ್ಲಿ ರಯಾನ್ ರಾಜ್ಯದ ಗವರ್ನರ್ ಕೂಡ ಆಗಿಬಿಟ್ಟಿದ್ರು. ಈ ಪ್ರಕರಣದಲ್ಲಿ 70ಕ್ಕೂ ಹೆಚ್ಚು ಜನ ತಪ್ಪಿತಸ್ಥರಾದ್ರು. 2006ರಲ್ಲಿ ರಯಾನ್ ಮೇಲಿನ ಭ್ರಷ್ಟಾಚಾರದ ಆರೋಪಗಳೂ ಸಾಬೀತಾಗಿ ಆರೂವರೆ ವರ್ಷ ಜೈಲು ಶಿಕ್ಷೆ ಆಯ್ತು.

ಕಾನೂನು ಇತ್ತು, ಪರೀಕ್ಷೆಯೂ ಇತ್ತು. ಪರೀಕ್ಷೆ ಮಾಡುವವರ ಮೇಲೆ ಮಾತ್ರ ಯಾರ ಕಣ್ಣೂ ಇರಲಿಲ್ಲ.

2011ರ ಮೇ ತಿಂಗಳಲ್ಲಿ ಬಂದ ಕೇಂದ್ರದ ನಿಯಮಗಳನ್ನ ಈ ಹಿನ್ನೆಲೆಯಲ್ಲಿ ಓದಬೇಕು. ಲರ್ನರ್ಸ್ ಪರ್ಮಿಟ್‌ಗೆ ದೇಶಕ್ಕೆಲ್ಲಾ ಒಂದೇ ಕಟ್ಟು ಬಂದದ್ದು ಆಗಲೇ. ಜಾರಿಗೆ ತರೋಕೆ ರಾಜ್ಯಗಳಿಗೆ 2015ರ ಜುಲೈವರೆಗೆ ಸಮಯ ಸಿಕ್ಕಿತು. ಬರವಣಿಗೆಯ ಪರೀಕ್ಷೆಯಲ್ಲಿ 100ಕ್ಕೆ 80 ಬಂದ್ರೆ ಮಾತ್ರ ಪರ್ಮಿಟ್. ಪರ್ಮಿಟ್ ಕೈಗೆ ಬಂದ ಮೇಲೆ ಕನಿಷ್ಠ 14 ದಿನ ಕಾಯದೇ ಗಾಡಿ ಓಡಿಸಿ ತೋರಿಸುವ ಪರೀಕ್ಷೆಗೆ ಹೋಗುವ ಹಾಗಿಲ್ಲ. ರಸ್ತೆಗಿಳಿದ್ರೆ ಪಕ್ಕದ ಸೀಟಲ್ಲಿ ಪೂರ್ತಿ ಲೈಸೆನ್ಸ್ ಇರೋ ಡ್ರೈವರ್ ಇರಲೇಬೇಕು. ಅಪಾಯಕಾರಿ ರಾಸಾಯನಿಕ ಸಾಗಿಸುವಂತಿಲ್ಲ.

ಇನ್ನೊಂದಿಷ್ಟು ಷರತ್ತು ಅಧಿಕಾರಿಗಳಿಗೆ. ಪರೀಕ್ಷಕರ ಹಿನ್ನೆಲೆ ವಿಚಾರಿಸಬೇಕು. ಯಾರು ಡ್ರೈವಿಂಗ್ ಕಲಿಸಿದ್ರೋ ಅವರೇ ತಮ್ಮ ಶಿಷ್ಯರಿಗೆ ಪರೀಕ್ಷೆ ಮಾಡುವಂತಿಲ್ಲ. ಪರೀಕ್ಷೆಯಲ್ಲಿ ದುಭಾಷಿಯನ್ನ ಪಕ್ಕ ಕೂರಿಸಿಕೊಳ್ಳುವಂತಿಲ್ಲ. ಇಲಿನಾಯ್ ಕತೆ ಕೇಳಿದ ಮೇಲೆ ಇವೆಲ್ಲಾ ಯಾಕೆ ಬೇಕಾಯ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಒಂದು ದೊಡ್ಡ ಪ್ರಶ್ನೆ ಹಾಗೇ ಉಳಿದಿತ್ತು. ಪರೀಕ್ಷೆ ಸರಿ, ಕಲಿಯೋದು ಎಲ್ಲಿ? ಹೊಸ ಡ್ರೈವರ್‌ಗಳ ತರಬೇತಿಗೆ ನಿಯಮ ಬೇಕಾ ನೋಡಿ ಅಂತ ಅಮೆರಿಕದ ಸಂಸತ್ತು 1991ರಲ್ಲೇ ಹೇಳಿತ್ತು. 2004ರಲ್ಲಿ ಒಂದು ನಿಯಮ ಬಂತು, ಆದರೆ ಅದರಲ್ಲಿ ಸ್ಟೀರಿಂಗ್ ಹಿಡಿದು ಕಲಿಯುವ ಮಾತೇ ಇರಲಿಲ್ಲ. ಇದು ಸಾಲದು ಅಂತ ಮರುವರ್ಷ ಕೋರ್ಟ್ ಹೇಳಿತು. 2012ರಲ್ಲಿ ಸಂಸತ್ತು ಮತ್ತೆ ಒತ್ತಿ ಹೇಳಿತು, 2016ರಲ್ಲಿ ನಿಯಮ ಸಿದ್ಧವಾಯ್ತು, ಆಮೇಲೂ ಮುಂದಕ್ಕೆ ಹೋಯ್ತು. ಕೊನೆಗೆ ಜಾರಿಯಾದದ್ದು 2022ರ ಫೆಬ್ರುವರಿ 7ಕ್ಕೆ. ಲೆಕ್ಕ ಹಾಕಿ, 31 ವರ್ಷ!

ಈಗ ಅಲ್ಲಿ ಲಾರಿ ಕಲಿಯೋಕೆ ಹೊರಟವರು ಮೊದಲು ಕಣ್ಣು, ಕಿವಿ, ರಕ್ತದೊತ್ತಡ ತೋರಿಸಿ ವೈದ್ಯಕೀಯ ಪ್ರಮಾಣಪತ್ರ ಪಡೀತಾರೆ. ರಾಜ್ಯ ಕೊಡುವ ಕೈಪಿಡಿ ಓದ್ತಾರೆ. ಅದರಲ್ಲಿ ಏರ್ ಬ್ರೇಕಿಗೇ ಒಂದು ಅಧ್ಯಾಯ, ಟ್ರೈಲರ್ ಜೋಡಿಸೋಕೆ ಇನ್ನೊಂದು. ಕಾರಿನಲ್ಲಿ ಬ್ರೇಕ್ ಕೆಲಸ ಮಾಡೋದು ಎಣ್ಣೆಯ ಒತ್ತಡದಿಂದ, ದೊಡ್ಡ ಲಾರಿಯಲ್ಲಿ ಗಾಳಿಯ ಒತ್ತಡದಿಂದ. ಗಾಳಿ ಸೋರ್ತಿದೆಯಾ ಅಂತ ಹೊರಡೋಕೂ ಮೊದಲೇ ನೋಡೋಕೆ ಬರಬೇಕು. ಪರ್ಮಿಟ್ ಬಂದ ಮೇಲೆ ಸರ್ಕಾರದ ಪಟ್ಟಿಯಲ್ಲಿರೋ ಶಾಲೆಯಲ್ಲಿ ರಸ್ತೆ ತರಬೇತಿ. ಕೊನೆಯ ಪರೀಕ್ಷೆ ಶುರುವಾಗೋದು ಗಾಡಿ ಓಡಿಸೋದರಿಂದ ಅಲ್ಲ, ಗಾಡಿಯನ್ನ ಸುತ್ತಿ ಒಂದೊಂದೇ ಭಾಗ ಮುಟ್ಟಿ ಪರಿಶೀಲಿಸೋದರಿಂದ. ಮಿಲ್ವಾಕಿ ಹತ್ತಿರ ರಸ್ತೆಗೆ ಬಿದ್ದ ಆ ಕಬ್ಬಿಣ ನೆನಪಿದೆಯಲ್ಲ?

ಇನ್ನು ನಮ್ಮ ದೇಶ. ಇಲ್ಲಿ 1988ರ ಮೋಟಾರು ವಾಹನ ಕಾಯ್ದೆಯೇ ಈ ವಿಷಯದಲ್ಲಿ ಮುಂದಿತ್ತು. ಸಾರಿಗೆ ವಾಹನದ ಎಲ್‌ಎಲ್ ಬೇಕಿದ್ರೆ ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷ ಆಗಿರಬೇಕು. ಡ್ರೈವಿಂಗ್ ಶಾಲೆಯ ಪ್ರಮಾಣಪತ್ರವೂ ಬೇಕು ಅಂತ ಅದೇ ಕಾಯ್ದೆ ಬರೆದಿಟ್ಟಿದೆ. ಅಮೆರಿಕ 2022ರಲ್ಲಿ ಮಾಡಿದ್ದನ್ನ ನಾವು 1988ರಲ್ಲೇ ಕಾನೂನಿನಲ್ಲಿ ಬರೆದಿದ್ವಿ. ಆದರೆ ಇಲಿನಾಯ್ ಡ್ರೈವರ್ ಹತ್ತಿರವೂ ಕಾಗದ ಸರಿಯಾಗೇ ಇತ್ತು. ಸಹಿ ಹಾಕಿದವರು ಅವನು ಲಾರಿ ಓಡಿಸೋದನ್ನ ನಿಜವಾಗಿ ನೋಡಿರಬೇಕಿತ್ತು, ಅಷ್ಟೇ. ನಿಮ್ಮಲ್ಲಿ ಯಾರಾದ್ರೂ ಹೆವಿ ಲೈಸೆನ್ಸ್ ಮಾಡಿಸೋಕೆ ಹೊರಟಿದ್ರೆ, ‘ಕ್ಲಾಸಿಗೆ ಬರೋದೇನೂ ಬೇಡ, ಸರ್ಟಿಫಿಕೇಟ್ ಕೊಡ್ತೀವಿ’ ಅನ್ನೋರ ಮುಂದೆ ಈ ಕತೆ ನೆನಪು ಮಾಡ್ಕೊಳ್ಳಿ.

ಇವತ್ತಿಗೆ ಇಷ್ಟೇ. ಮುಂದಿನ ಸಂಚಿಕೆಯಲ್ಲಿ ಸಿಗೋಣ.