ಒಂದು ಹೆಸರಿನ ಆಸರೆ: ಸಾಲೋಟಗಿಯಿಂದ ಜೂಟರ್‌ಮೀರ್‌ವರೆಗೆ



ಕೆಲವು ವರ್ಷಗಳ ಹಿಂದೆ ಜೂಟರ್‌ಮೀರ್‌ನ ನಾಲ್ಕೈದು ಕನ್ನಡ ಕುಟುಂಬಗಳು ಸೇರಿ ಒಂದು ಸಣ್ಣ ಕೆಲಸ ಕೈಗೊಂಡೆವು. ಊರಿನಿಂದ ಬಂದು ಮಕ್ಕಳ ಮನೆಯಲ್ಲಿ ತಿಂಗಳುಗಟ್ಟಲೆ ಇರುವ ತಂದೆ-ತಾಯಂದಿರಿಗೆ ರಕ್ತದೊತ್ತಡ, ಮಧುಮೇಹ, ಔಷಧಿ ಸೇವನೆಯ ಕ್ರಮಗಳನ್ನು ಕನ್ನಡದಲ್ಲಿ ತಿಳಿಸುವುದು, ಮನೆಯವರಿಗೆ ಪ್ರಥಮ ಚಿಕಿತ್ಸೆ ಕಲಿಸುವುದು ನಮ್ಮ ಉದ್ದೇಶವಾಗಿತ್ತು. ಬೇಕಾಗಿದ್ದದ್ದು ಸಭಾಂಗಣದ ಬಾಡಿಗೆ, ತರಬೇತಿಗೆ ಒಂದು ಗೊಂಬೆ ಮತ್ತು ಒಂದಿಷ್ಟು ಮುದ್ರಿತ ಹಾಳೆಗಳು, ಅಷ್ಟೇ. ಆದರೆ ನೆರವಿನ ಅರ್ಜಿಯ ಮೊದಲ ಪುಟದಲ್ಲಿಯೇ ನಾವು ನಿಂತುಬಿಟ್ಟೆವು. ನೋಂದಣಿ ಸಂಖ್ಯೆ ಎಲ್ಲಿ, ಸಂಸ್ಥೆಯ ಹೆಸರಿನ ಬ್ಯಾಂಕ್ ಖಾತೆ ಎಲ್ಲಿ ಎಂದು ಅದು ಕೇಳುತ್ತಿತ್ತು. ನಮ್ಮಲ್ಲಿ ಎರಡೂ ಇರಲಿಲ್ಲ.

ಕೊನೆಗೆ ಕುಟುಂಬಗಳಿಂದ ವಂತಿಗೆ ಕೂಡಿಸಿ ನನ್ನ ಸ್ವಂತ ಖಾತೆಯಲ್ಲಿ ಇಟ್ಟುಕೊಂಡೆ. ಆಸ್ಪತ್ರೆಯ ಕೆಲಸದ ನಡುವೆ ಲೆಕ್ಕ ಬರೆಯುವುದು ಹಿಂದೆ ಬಿತ್ತು. ಒಂದು ದಿನ ಗೆಳೆಯರೊಬ್ಬರು ಲೆಕ್ಕ ಕೇಳಿದರು, ನನಗೆ ನೋವಾಯಿತು. ಹಣ ಎಲ್ಲಿಗೂ ಹೋಗಿರಲಿಲ್ಲ, ಆದರೆ ಅದನ್ನು ತೋರಿಸಿಕೊಡಲು ನನಗೆ ಆರು ವಾರ ಬೇಕಾಯಿತು. ಅಷ್ಟರಲ್ಲಿ ಎರಡು ಕುಟುಂಬಗಳು ಮೆಲ್ಲನೆ ದೂರವಾದವು. ಅವರು ಕೇಳಿದ್ದು ನ್ಯಾಯವಾಗಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಹತ್ತು ಜನರ ಹಣ ಯಾರ ಹೆಸರಿನಲ್ಲಿ ಇರಬೇಕು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಈ ಪ್ರಶ್ನೆ ಹೊಸದಲ್ಲ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಕ್ರಿ.ಶ. 945ರ ಶಾಸನವೊಂದಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಅಲ್ಲಿ ಕಟ್ಟಿಸಿದ ದೇವಾಲಯದ ಆಶ್ರಯದಲ್ಲಿ ಒಂದು ವಿದ್ಯಾಶಾಲೆ ನಡೆಯುತ್ತಿತ್ತು. ದೂರದೂರದಿಂದ ಬಂದ ವಿದ್ಯಾರ್ಥಿಗಳಿಗೆ 27 ವಸತಿಗಳಿದ್ದವು. ವಿದ್ಯಾರ್ಥಿಗಳಿಗೆ 500 ನಿವರ್ತನ, ಅಧ್ಯಾಪಕರಿಗೆ 50 ನಿವರ್ತನ, ದೀಪದ ಎಣ್ಣೆಗೆ 12 ನಿವರ್ತನ ಭೂಮಿಯನ್ನು ಬೇರೆ ಬೇರೆಯಾಗಿ ಬಿಡಲಾಗಿತ್ತು. ಊರವರೂ ಕೈಜೋಡಿಸಿದ್ದರು: ಮದುವೆಗೆ 5 ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು. ದೀಪದ ಹಣ ದೀಪಕ್ಕೆ, ಊಟದ ಹಣ ಊಟಕ್ಕೆ ಎಂಬುದನ್ನು ಎಲ್ಲರ ಕಣ್ಣೆದುರಿನ ಕಲ್ಲಿನಲ್ಲಿ ಕೊರೆದಿಟ್ಟಿದ್ದರು.

ವೈದ್ಯನಾದ ನನಗೆ ಇನ್ನೂ ಹತ್ತಿರದ್ದು ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ. ಅಲ್ಲಿನ ಕೇದಾರೇಶ್ವರಕ್ಕೆ ಸೇರಿದ ಕೋಡಿಯ ಮಠವನ್ನು 1162ರ ಶಾಸನವು ಶಾಸ್ತ್ರಾಧ್ಯಯನದ ನೆಲೆಯೆಂದೂ, ದೀನರಿಗೆ ಅನ್ನ ದೊರೆಯುವ, ರೋಗಿಗಳಿಗೆ ಚಿಕಿತ್ಸೆ ದೊರೆಯುವ ತಾಣವೆಂದೂ ವರ್ಣಿಸುತ್ತದೆ. ಪಾಠ, ಅನ್ನ, ಔಷಧ ಪ್ರತಿಯೊಂದಕ್ಕೂ ಬೇರೆ ಸಂಸ್ಥೆ ಕಟ್ಟಲಿಲ್ಲ; ಜನರಿಗೆ ನಂಬಿಕೆಯಿದ್ದ ಒಂದು ಹೆಸರು ಎಲ್ಲಕ್ಕೂ ಆಸರೆಯಾಯಿತು. ಅಂದಿನ ವಿದ್ಯಾಶಾಲೆಗಳ ಬಾಗಿಲು ಎಲ್ಲ ಜಾತಿಯವರಿಗೂ ತೆರೆದಿರಲಿಲ್ಲ ಎಂಬುದನ್ನೂ ಮರೆಯಬಾರದು. ಆಸರೆ ಕೊಡುವವರೇ ಯಾರು ಒಳಗೆ, ಯಾರು ಹೊರಗೆ ಎಂದು ತೀರ್ಮಾನಿಸುತ್ತಾರೆ. ಆ ಅಪಾಯ ಇಂದಿಗೂ ಇದೆ.

1915ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕನ್ನಡ ಸಾಹಿತ್ಯ ಪರಿಷತ್ತಿನ ದತ್ತಿನಿಧಿಗಳು ನಮ್ಮಲ್ಲಿ ಅನೇಕರಿಗೆ ಪರಿಚಿತ. ತಾಯಿಯ ನೆನಪಿಗೆ ಒಂದು ಉಪನ್ಯಾಸ ನಡೆಯಲಿ ಎಂದು ಬಯಸುವ ಮಗಳು ಅದಕ್ಕಾಗಿ ಟ್ರಸ್ಟ್ ಸ್ಥಾಪಿಸಬೇಕಿಲ್ಲ. ಮೂಲಧನ ಪರಿಷತ್ತಿನಲ್ಲಿ ಉಳಿಯುತ್ತದೆ, ಅದರ ಬಡ್ಡಿಯಿಂದ ಉಪನ್ಯಾಸ ನಡೆಯುತ್ತದೆ. ಕೊಟ್ಟವರ ಉದ್ದೇಶವೂ ಹೊತ್ತವರ ಹೊಣೆಯೂ ಬರಹದಲ್ಲಿರುತ್ತವೆ.

ಇದಕ್ಕೆ ಹತ್ತಿರದ ಆಧುನಿಕ ರೂಪವನ್ನು ಅಮೆರಿಕದಲ್ಲಿ ಫಿಸ್ಕಲ್ ಸ್ಪಾನ್ಸರ್‌ಶಿಪ್ ಎನ್ನುತ್ತಾರೆ. ನಾವು ಹಣಕಾಸಿನ ಆಸರೆ ಎನ್ನೋಣ. ನೋಂದಾಯಿತ ಸಂಸ್ಥೆಯೊಂದು ನೋಂದಣಿಯಿಲ್ಲದ ಯೋಜನೆಯ ಪರವಾಗಿ ಹಣ ಸ್ವೀಕರಿಸಿ, ಲೆಕ್ಕವಿಟ್ಟು, ಕಾನೂನಿನ ಹೊಣೆ ಹೊರುವುದೇ ಅದರ ತಿರುಳು. ಮ್ಯಾಸಚೂಸೆಟ್ಸ್‌ನಲ್ಲಿ 1959ರಲ್ಲಿ ಆರಂಭವಾದ ಒಂದು ಆರೋಗ್ಯ ಸಂಶೋಧನಾ ಸಂಸ್ಥೆಯನ್ನು ಇದರ ಮೊದಲ ಉದಾಹರಣೆಗಳಲ್ಲಿ ಒಂದೆಂದು ಗಣಿಸುತ್ತಾರೆ. 1993ರಲ್ಲಿ ವಕೀಲ ಗ್ರೆಗರಿ ಕಾಲ್ವಿನ್ ಇದರ ಬಗೆಗಳನ್ನು ಒಂದು ಪುಸ್ತಕದಲ್ಲಿ ವಿಂಗಡಿಸಿದರು. ಅವುಗಳಲ್ಲಿ ಎರಡು ಮುಖ್ಯ: ಯೋಜನೆಯೇ ಸಂಸ್ಥೆಯ ಅಂಗವಾಗುವುದು ಒಂದು, ಯೋಜನೆ ಪ್ರತ್ಯೇಕವಾಗಿದ್ದು ಸಂಸ್ಥೆಯಿಂದ ಅನುದಾನ ಪಡೆಯುವುದು ಇನ್ನೊಂದು. ಎರಡರಲ್ಲಿಯೂ ಸಂಸ್ಥೆ ಕೇವಲ ಅಂಚೆಪೆಟ್ಟಿಗೆಯಲ್ಲ. ಹಣ ಅದರ ಹೆಸರಿಗೆ ಬಂದ ಕ್ಷಣದಿಂದ ಉತ್ತರ ಹೇಳಬೇಕಾದದ್ದು ಅದೇ.

ಈ ಮರವೂ ಬೀಳಬಹುದು. ನೂರಾರು ಸಣ್ಣ ಗುಂಪುಗಳಿಗೆ ಆಸರೆಯಾಗಿದ್ದ ಅಮೆರಿಕದ ಓಪನ್ ಕಲೆಕ್ಟಿವ್ ಫೌಂಡೇಶನ್ 2024ರ ಆರಂಭದಲ್ಲಿ ತಾನು ಮುಚ್ಚುವುದಾಗಿ ತಿಳಿಸಿ, ಆ ವರ್ಷದ ಕೊನೆಗೆ ವಿಸರ್ಜನೆಯಾಯಿತು. ಆ ಗುಂಪುಗಳೆಲ್ಲ ಕೆಲವೇ ತಿಂಗಳಲ್ಲಿ ಬೇರೆ ನೆಲೆ ಹುಡುಕಬೇಕಾಯಿತು. ಆದ್ದರಿಂದ ಒಳಬರುವ ಬಾಗಿಲನ್ನು ಬರೆಯುವಾಗಲೇ ಹೊರಹೋಗುವ ಬಾಗಿಲನ್ನೂ ಬರೆದಿಡುವುದು ಜಾಣತನ.

ನಾವು ಇಂದು ಬದುಕುತ್ತಿರುವ ನಾಡಿಗೂ ಇಂಥದೇ ಪರಂಪರೆಯಿದೆ. 1784ರಲ್ಲಿ ಎಡಾಮ್ ಪಟ್ಟಣದಲ್ಲಿ ಪಾದ್ರಿ ಯಾನ್ ನ್ಯೂವೆನ್‌ಹೌಜೆನ್ ಮತ್ತು ಅವರ ಮಗ ಸೇರಿ ಸಾರ್ವಜನಿಕ ಹಿತದ ಸಂಘವೊಂದನ್ನು ಕಟ್ಟಿದರು. ಶಾಲೆ, ಗ್ರಂಥಾಲಯಗಳ ಜೊತೆಗೆ ಬಡವರ ಉಳಿತಾಯಕ್ಕೆ ಬ್ಯಾಂಕುಗಳೂ ಅದರಿಂದ ಹುಟ್ಟಿದವು. 1818ರಲ್ಲಿ ಹೇಗ್‌ನಲ್ಲಿ ತೆರೆದ ಅಂಥ ಬ್ಯಾಂಕಿನ ವರ್ಷವನ್ನೇ ಹೆಸರಾಗಿ ಹೊತ್ತ ಫಾಂಡ್ಸ್ 1818 ಎಂಬ ನಿಧಿ ಇಂದು ನಮ್ಮ ಜೂಟರ್‌ಮೀರ್ ಸೇರಿದಂತೆ ಹೇಗ್ ಸುತ್ತಲಿನ ಊರುಗಳ ಸಾಮಾಜಿಕ ಕೆಲಸಗಳಿಗೆ ನೆರವಾಗುತ್ತದೆ.

ಹಾಗಾದರೆ ನಾವೇ ಒಂದು ಸ್ಟಿಖ್ಟಿಂಗ್ ಸ್ಥಾಪಿಸಬಹುದಲ್ಲವೇ? ಸ್ಥಾಪಿಸಬಹುದು. ಅದಕ್ಕೆ ನೋಟರಿಯ ಪತ್ರ, ವಾಣಿಜ್ಯ ಮಂಡಳಿಯ ನೋಂದಣಿ, 2020ರಿಂದ ಬಂದ ಅಂತಿಮ ಹೊಣೆಗಾರರ ನೋಂದಣಿ, 2021ರ ಆಡಳಿತ ಕಾಯ್ದೆಯ ನಿಯಮಗಳು, ವರ್ಷವರ್ಷದ ಲೆಕ್ಕಪತ್ರ ಎಲ್ಲವೂ ಬೇಕು. ಒಂದು ಗೊಂಬೆಗಾಗಿ ಇಷ್ಟು ಭಾರ ಹೊರುವುದು ವಿವೇಕವಲ್ಲ. ನೋಂದಣಿಯಿರುವ ಸಂಘವೊಂದು ತನ್ನ ಹೆಸರನ್ನು ಕೊಟ್ಟರೆ ಸಾಕು. ಆದರೆ ಆಸರೆ ನೀಡುವ ಸಂಸ್ಥೆಗೆ ತೆರಿಗೆ ಇಲಾಖೆಯ ಎಎನ್‌ಬಿಐ ಮಾನ್ಯತೆ ಇಲ್ಲದಿದ್ದರೆ, ಅದಕ್ಕೆ ಕೊಟ್ಟ ಕೊಡುಗೆಗೆ ಆ ವಿಭಾಗದ ತೆರಿಗೆ ವಿನಾಯಿತಿ ಸಿಗುವುದಿಲ್ಲ. ತನ್ನಲ್ಲಿ ಇಲ್ಲದ ಮಾನ್ಯತೆಯನ್ನು ಸಂಸ್ಥೆ ಇನ್ನೊಬ್ಬರಿಗೆ ಕೊಡಲಾರದು.

ಇದೇ ದಾರಿಯಲ್ಲಿ ತವರಿನ ಶಾಲೆಗೂ ಹಣ ಕಳಿಸೋಣ ಎನ್ನುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಭಾರತದ ವಿದೇಶಿ ವಂತಿಗೆ ಕಾಯ್ದೆಗೆ 2020ರ ಸೆಪ್ಟೆಂಬರ್‌ನಲ್ಲಿ ಬಂದ ತಿದ್ದುಪಡಿಯ ನಂತರ, ವಿದೇಶಿ ವಂತಿಗೆ ಪಡೆದ ಸಂಸ್ಥೆ ಅದನ್ನು ಮತ್ತೊಬ್ಬರಿಗೆ ವರ್ಗಾಯಿಸುವಂತಿಲ್ಲ. ದೊಡ್ಡ ಸಂಸ್ಥೆಯ ಮೂಲಕ ಊರಿನ ಸಣ್ಣ ಗುಂಪಿಗೆ ಹಣ ತಲುಪಿಸುತ್ತಿದ್ದ ಹಳೆಯ ದಾರಿ ಅಲ್ಲಿಗೆ ಮುಚ್ಚಿತು. ಭಾರತೀಯ ಪೌರತ್ವ ಉಳಿಸಿಕೊಂಡವರು ತಮ್ಮ ಗಳಿಕೆಯಿಂದ ಬ್ಯಾಂಕಿನ ಮೂಲಕ ಕಳಿಸುವ ಹಣ ವಿದೇಶಿ ವಂತಿಗೆಯಲ್ಲ. ಡಚ್ ಪೌರತ್ವ ಪಡೆದವರ ಹಣ, ಒಸಿಐ ಚೀಟಿ ಇದ್ದರೂ, ವಿದೇಶಿ ವಂತಿಗೆಯೇ. ಒಂದೇ ಮನೆಯ ಗಂಡ ಹೆಂಡತಿಗೆ ಬೇರೆ ಬೇರೆ ನಿಯಮ ಅನ್ವಯಿಸಬಹುದು.

ಈ ಇತಿಹಾಸವನ್ನು ನೆನೆದದ್ದು ಹೆಮ್ಮೆಪಡಲು ಮಾತ್ರವಲ್ಲ. ನಮ್ಮ ಸಂಘ ಇಂಥ ಆಸರೆ ಕೊಡುವುದಾದರೆ ನಾಲ್ಕು ವಿಷಯಗಳನ್ನು ಮೊದಲೇ ಬರೆದಿಡಬೇಕೆಂದು ನನ್ನ ವಿನಂತಿ: ಹಣದ ಉದ್ದೇಶ, ಅದಕ್ಕೆ ಪ್ರತ್ಯೇಕ ಲೆಕ್ಕ, ಸಂಘ ತನ್ನ ಖರ್ಚಿಗೆ ಇಟ್ಟುಕೊಳ್ಳುವ ಪಾಲು, ಯೋಜನೆ ನಿಂತರೆ ಉಳಿದ ಹಣ ಯಾರಿಗೆ ಎಂಬುದು. ಯಾವ ಯೋಜನೆಗೆ ಆಸರೆ, ಯಾವುದಕ್ಕೆ ಇಲ್ಲ ಎಂಬ ತೀರ್ಮಾನ ಸಭೆಯ ಮುಂದೆ ಆಗಲಿ. ಲೆಕ್ಕ ಮೂರು ತಿಂಗಳಿಗೊಮ್ಮೆ ಎಲ್ಲ ಸದಸ್ಯರಿಗೂ ತಲುಪಲಿ, ಯಾರೂ ಕೇಳುವ ಮೊದಲೇ.

ನಮ್ಮ ಆರೋಗ್ಯ ತರಗತಿಯ ಗೊಂಬೆ ಇನ್ನೂ ನನ್ನ ಮನೆಯ ಅಟ್ಟದಲ್ಲಿದೆ. ಮುಂದಿನ ಸರ್ವಸದಸ್ಯರ ಸಭೆಗೆ ಅದನ್ನು ತರುತ್ತೇನೆ, ಜೊತೆಗೆ ಹಳೆಯ ಲೆಕ್ಕದ ಪ್ರತಿಯನ್ನೂ. ದೂರವಾದ ಆ ಎರಡು ಕುಟುಂಬಗಳೂ ಬಂದರೆ ನನಗೆ ಸಂತೋಷ.