ಒರಳುಕಲ್ಲಿನ ಬಳಿಯ ಚರಿತ್ರೆ

ಶತಮಾನೋತ್ಸವದ ಸ್ಮರಣ ಸಂಚಿಕೆಯೆಂದರೆ ಇಗರ್ಜಿಯ ಅಡಿಗಲ್ಲು, ಘಂಟಾಗೋಪುರ, ಸೇವೆ ಸಲ್ಲಿಸಿದ ಗುರುಗಳ ಪಟ್ಟಿ, ಶಾಲೆಯ ಏಳಿಗೆ ಇವುಗಳಿಗೆ ಅಗ್ರಸ್ಥಾನ ದೊರೆಯುವುದು ಸಹಜವೇ ಸರಿ. ಆದರೆ ದಕ್ಷಿಣ ಕನ್ನಡದ ಕೊಂಕಣಿ ಕ್ರೈಸ್ತರಾದ ನಮಗೆ ಇನ್ನೊಂದು ದಾಖಲೆಯೂ ಇದೆ. ಅದು ಕಾಗದದ ಮೇಲೆ ಇಲ್ಲ. 1784ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ನಮ್ಮ ಪೂರ್ವಜರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟರು, ಇಗರ್ಜಿಗಳು ನೆಲಸಮವಾದವು. 1799ರಲ್ಲಿ ಪಟ್ಟಣವು ಬಿದ್ದ ಬಳಿಕ ಬದುಕುಳಿದವರು ಮರಳಿ ಬಂದು ಮತ್ತೆ ಒಲೆ ಹೂಡಿದರು. 15 ವರ್ಷಗಳ ಆ ಕಷ್ಟದ ದಾರಿಯಲ್ಲಿ ದಸ್ತಾವೇಜುಗಳನ್ನು ಹೊತ್ತು ತರುವ ಮಾತೆಲ್ಲಿ? ತರಲು ಸಾಧ್ಯವಿದ್ದುದು ಕೈಗೆ ಹತ್ತಿದ ಅಭ್ಯಾಸವೊಂದೇ. ಆ ಕೈಗಳಲ್ಲಿ ಹೆಚ್ಚಿನವು ಸ್ತ್ರೀಯರವು. ಆದುದರಿಂದಲೇ ಅವರ ಹೆಸರುಗಳು ಯಾವ ಶಿಲಾಫಲಕದಲ್ಲಿಯೂ ಇಲ್ಲ.

ಅಡುಗೆಯು ಚರಿತ್ರೆಯ ವಿಷಯವೇ ಎಂದು ಶಂಕಿಸುವವರು ಗೋವೆಯ ಧರ್ಮವಿಚಾರಣಾ ಮಂಡಳಿಯು 1736ರಲ್ಲಿ ಹೊರಡಿಸಿದ ಶಾಸನವನ್ನು ನೆನೆಯಬಹುದು. ಹಿಂದೂಗಳಂತೆ ಉಪ್ಪಿಲ್ಲದೆ ಅನ್ನ ಬೇಯಿಸಿ ಬಳಿಕ ಉಪ್ಪು ಬೆರೆಸಿಕೊಳ್ಳುವುದನ್ನು ಸಹ ಅದು ಕ್ರೈಸ್ತರಿಗೆ ನಿಷೇಧಿಸಿತ್ತು. ಅಧಿಕಾರಿಗಳ ದೃಷ್ಟಿಯು ಗಡಿಗೆಯ ಒಳಗನ್ನೂ ಬಿಡಲಿಲ್ಲವೆಂದಾಯಿತು! ಗೋವೆಯಿಂದ ತೆಂಕಣಕ್ಕೆ ಬಂದ ನಮ್ಮವರು ಮಾತ್ರ ಅರಸಿನದ ಎಲೆಯಲ್ಲಿ ಅಕ್ಕಿಹಿಟ್ಟು, ಕಾಯಿತುರಿ, ಬೆಲ್ಲವನ್ನಿಟ್ಟು ಮಡಚಿ ಬೇಯಿಸುವ ಪಾತೊಳಿಯನ್ನು ಕೈಬಿಡಲಿಲ್ಲ. ನೆರೆಮನೆಯ ಹಿಂದೂ ಬಾಂಧವರು ನಾಗರಪಂಚಮಿಗೆ ಬೇಯಿಸುವ ಅರಸಿನ ಎಲೆಯ ಕಡುಬಿಗೂ ಅದಕ್ಕೂ ಇರುವ ಅಂತರವನ್ನು ನಾಲಗೆಯು ಗುರುತಿಸಲಾರದು.

ಹೊರಗಿನಿಂದ ಬಂದುದನ್ನು ಸ್ವಂತವಾಗಿಸಿಕೊಳ್ಳುವುದರಲ್ಲಿಯೂ ನಮ್ಮ ಅಡುಗೆಮನೆ ಹಿಂದೆ ಬೀಳಲಿಲ್ಲ. ಇಂದು ನಮ್ಮ ಬಫಾತ್ ಪುಡಿಗೆ ಕೆಂಪು ಬಣ್ಣ ಕೊಡುವ ಮೆಣಸಿನಕಾಯಿಯು 16ನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳಲ್ಲಿ ಅಮೆರಿಕದಿಂದ ಬಂದ ಅತಿಥಿ. ಅದಕ್ಕೂ ಮೊದಲು ಖಾರವೆಂದರೆ ಕಾಳುಮೆಣಸು, ಶುಂಠಿ. ಕನ್ನಡವು ಹೊಸಬನಿಗೆ ಹಳಬನ ಹೆಸರನ್ನೇ ಕೊಟ್ಟು, 'ಮೆಣಸಿ'ಗೆ 'ಕಾಯಿ'ಯನ್ನು ಸೇರಿಸಿ ಸುಮ್ಮನಾಯಿತು. ಗೇರು, ಅನಾನಸು, ಪರಂಗಿ ಹಣ್ಣುಗಳೂ ಅದೇ ದಾರಿಯಲ್ಲಿ ಬಂದವು. ಸೊರ್ಪೊತೆಲ್ ಎಂಬ ಹೆಸರು ಪೋರ್ಚುಗೀಸ್ ಭಾಷೆಯದು. ಅದರೊಂದಿಗೆ ಬಡಿಸುವ ಸನ್ನವು ಅಪ್ಪಟ ಈ ನೆಲದ್ದು.

ಸನ್ನದ ವಿಚಾರದಲ್ಲಿ ಕೊಂಚ ನಿಲ್ಲಬೇಕು. ಅಕ್ಕಿಯನ್ನೂ ಸ್ವಲ್ಪ ಉದ್ದನ್ನೂ ನೆನೆಸಿ, ಒರಳಲ್ಲಿ ನುಣ್ಣಗೆ ರುಬ್ಬಿ, ತಾಜಾ ಕಳ್ಳನ್ನು ಬೆರೆಸಿ ಮುಚ್ಚಿಟ್ಟರೆ ಕೆಲವು ಗಂಟೆಗಳಲ್ಲಿ ಹಿಟ್ಟು ಉಬ್ಬಿ ಬರುತ್ತದೆ. ಅದನ್ನು ಚಿಕ್ಕ ಬಟ್ಟಲುಗಳಲ್ಲಿ ಸುರಿದು ಹಬೆಯಲ್ಲಿ ಬೇಯಿಸಬೇಕು. ಕಳ್ಳಿನಲ್ಲಿ ತಾನಾಗಿ ಬೆಳೆಯುವ ಯೀಸ್ಟೇ ಈ ಉಬ್ಬುವಿಕೆಗೆ ಕಾರಣ. ಗೋವೆಯಲ್ಲಿ ರೊಟ್ಟಿ ಸುಡುವವರು ಗೋಧಿಹಿಟ್ಟನ್ನು ಹುದುಗಿಸುತ್ತಿದ್ದುದೂ ಕಳ್ಳಿನಿಂದಲೇ. ಮುಂಜಾನೆ ಸಿಹಿಯಾಗಿರುವ ಕಳ್ಳು ಸಂಜೆಗೆ ಹುಳಿಯಾಗುತ್ತದೆ. ಭರಣಿಯಲ್ಲಿ ವಾರಗಟ್ಟಲೆ ಇಟ್ಟರೆ ವಿನೆಗರ್ ಆಗುತ್ತದೆ. ಆ ವಿನೆಗರ್ ಬಿದ್ದ ಹಂದಿಮಾಂಸದ ಪದಾರ್ಥವು, ಮಂಜುಗಡ್ಡೆಯ ಪೆಟ್ಟಿಗೆಗಳಿಲ್ಲದ ಕಾಲದಲ್ಲಿ, ದಿನಕ್ಕೊಮ್ಮೆ ಕುದಿಸಿಟ್ಟರೆ ಕೆಡದೆ ಉಳಿಯುತ್ತಿತ್ತು, ಮೂರನೆಯ ದಿನಕ್ಕೆ ಇನ್ನಷ್ಟು ರುಚಿಯಾಗುತ್ತಿತ್ತು. ಹೀಗೆ ನಮ್ಮ ಹಬ್ಬದೂಟದ ಎರಡು ಮುಖ್ಯ ಭಕ್ಷ್ಯಗಳೂ ಮೂರ್ತೆ ಮಾಡುವ ಬಿಲ್ಲವ ಬಾಂಧವರು ಪ್ರತಿದಿನ ತಾಳೆ, ತೆಂಗಿನ ಮರವೇರಿ ಇಳಿಸಿದ ಕಳ್ಳನ್ನೇ ಅವಲಂಬಿಸಿದ್ದವು. ಈ ಋಣವನ್ನು ನಮ್ಮ ಸಂಚಿಕೆಗಳಲ್ಲಿ ಯಾರೂ ಸ್ಮರಿಸಿದಂತಿಲ್ಲ; ಸ್ಮರಿಸಬೇಕಾಗಿತ್ತು.

ಗೃಹಿಣಿಯ ವರ್ಷವು ಪಂಚಾಂಗವನ್ನು ನೋಡಿ ನಡೆಯುತ್ತಿರಲಿಲ್ಲ, ಮಳೆಯನ್ನು ನೋಡಿ ನಡೆಯುತ್ತಿತ್ತು. ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ಕಡಲಿಗೆ ದೋಣಿ ಇಳಿಯದು, ಅಂಗಳದಲ್ಲಿ ಏನೂ ಒಣಗದು. ಆದುದರಿಂದ ಏಪ್ರಿಲ್, ಮೇ ತಿಂಗಳುಗಳಲ್ಲಿಯೇ ಮೆಣಸು, ಕೊತ್ತಂಬರಿ, ಅರಸಿನಗಳನ್ನು ಒಣಗಿಸಿ ಒನಕೆಯಿಂದ ಕುಟ್ಟಿ ವರ್ಷದ ಪುಡಿಯನ್ನು ತುಂಬಿಡಬೇಕು. ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಬೇಕು. ಮಾವಿನ ಮಿಡಿಗೆ ಭರಣಿ ಸಿದ್ಧವಾಗಬೇಕು. ಹಪ್ಪಳ, ಒಣಮೀನು, ಕಟ್ಟಿಗೆ, ತೆಂಗಿನ ಸಿಪ್ಪೆ ಎಲ್ಲವೂ ಸೂರಿನಡಿ ಸೇರಬೇಕು. ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟಿದ ಕುಚ್ಚಲಕ್ಕಿಯನ್ನು ಬೈಹುಲ್ಲಿನಲ್ಲಿ ಬಿಗಿದು ಮುಡಿ ಕಟ್ಟುತ್ತಿದ್ದರು. ಮುಡಿಯೊಂದಕ್ಕೆ 42 ಸೇರಿನ ಲೆಕ್ಕ. ಗೇಣಿಯೂ ಮುಡಿಯಲ್ಲಿಯೇ, ಮನೆತನದ ಅಂತಸ್ತೂ ಮುಡಿಯಲ್ಲಿಯೇ. ಗೇಣಿದಾರನ ಮನೆಯಲ್ಲಿ ಆಟಿ ತಿಂಗಳ ಗಂಜಿಯು ಎಷ್ಟು ತೆಳ್ಳಗಿರುತ್ತಿತ್ತೆಂಬುದನ್ನೂ ಇಲ್ಲಿಯೇ ಹೇಳಬೇಕು. ಹಿಂದಿನ ಕಾಲದ ಸಮೃದ್ಧಿಯನ್ನು ವರ್ಣಿಸುವವರು ಬಹುಮಟ್ಟಿಗೆ ಧಣಿಯ ಮನೆಯ ಮಕ್ಕಳು. ಹೊಗೆಯೊಲೆಯ ಸೊಬಗನ್ನು ಹೊಗಳುವವರಂತೂ ಬಹುಶಃ ಅದನ್ನು ಊದಿದವರಲ್ಲ. ಹೊತ್ತು ಮೂಡುವ ಮುನ್ನ ಎದ್ದು ಅಕ್ಕಿ ಕುಟ್ಟಿ, ನೀರು ಸೇದಿ, ಮಸಾಲೆ ಅರೆದು ಪ್ರಾಯಕ್ಕೆ ಮುನ್ನವೇ ಸೊಂಟ ಬಾಗಿದ ತಾಯಂದಿರ ಬವಣೆಯನ್ನು ಮರೆತು ಬರೆಯುವ ಚರಿತ್ರೆ ನಮಗೆ ಬೇಡ.

ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಬರೋಣ. ಅಂದು ಇಗರ್ಜಿಯಲ್ಲಿ ಆಶೀರ್ವದಿಸಲ್ಪಟ್ಟ ಹೊಸ ತೆನೆಯನ್ನು ಯಜಮಾನನು ಮನೆಗೆ ತರುವನು. ಅದರ ಕಾಳುಗಳನ್ನು ಸುಲಿದು ಪಾಯಸದಲ್ಲಿಯೋ ತೆಂಗಿನ ಹಾಲಿನಲ್ಲಿಯೋ ಬೆರೆಸಿ ಎಲ್ಲರಿಗೂ ಹಂಚಲಾಗುವುದು. ಊಟದಲ್ಲಿ ಮೀನು ಮಾಂಸ ಇಲ್ಲ. ಪದಾರ್ಥಗಳು ಮೂರು, ಐದು, ಏಳು ಅಥವಾ ಒಂಬತ್ತು, ಸಮಸಂಖ್ಯೆ ಸಲ್ಲದು. ತುಳುವರ ಪುದ್ವಾರ್ ಎಂಬ ಹೊಸ ಅಕ್ಕಿಯ ಊಟವೂ ಇದರ ಬಳಗದ್ದೇ.

1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿಯ ಮುಡಿಗಳು ಧಣಿಗಳ ಅಟ್ಟವನ್ನು ಬಿಟ್ಟವು. ಉತ್ತವನ ಮನೆಯಲ್ಲಿ ಗಂಜಿ ಗಟ್ಟಿಯಾಯಿತು. ಅದು ನ್ಯಾಯವೇ. ತರುವಾಯ ಮಕ್ಕಳು ಮುಂಬಯಿಗೂ ಕೊಲ್ಲಿ ರಾಷ್ಟ್ರಗಳಿಗೂ ತೆರಳಿದರು, ಅನೇಕ ಗದ್ದೆಗಳು ತೋಟವಾದವು, ಕೆಲವು ಬಡಾವಣೆಗಳಾದವು. ಹೊಸ ತೆನೆಯನ್ನು ಈಗ ಎಷ್ಟೋ ಕಡೆ ಬೇರೆ ಊರಿನ ಗದ್ದೆಯಿಂದ ಕೇಳಿ ತರಿಸಬೇಕಾಗಿದೆ. ಸನ್ನಕ್ಕೆ ಕಳ್ಳಿನ ಬದಲು ಅಂಗಡಿಯ ಯೀಸ್ಟ್ ಬೀಳುತ್ತದೆ. ರುಬ್ಬುವ ಕೆಲಸವನ್ನು ವಿದ್ಯುತ್ ಯಂತ್ರವು ವಹಿಸಿಕೊಂಡಿದೆ, ಇದಕ್ಕೆ ನಾವು ಮರುಗುವುದಿಲ್ಲ. ನಮ್ಮ ಚಿಂತೆ ಬೇರೆ. ಅಜ್ಜಿಯಂದಿರ ಅಳತೆಯು ಹಿಡಿ, ಚಿಟಿಕೆ, 'ಕೈಗೆ ತಿಳಿಯುವಷ್ಟು' ಎಂಬ ಮಾತುಗಳಲ್ಲಿದೆ. ಅದನ್ನು ಬರೆದಿಡಲು ಕುಳಿತವರು ಹಿಡಿಯನ್ನು ತೂಗಿ ನೋಡಬೇಕಾಗುತ್ತದೆ, ಮತ್ತು ಒಬ್ಬೊಬ್ಬರ ಹಿಡಿಯೂ ಒಂದೊಂದು ತೂಕ. ನಮ್ಮ ಧರ್ಮಕೇಂದ್ರದ ವಾಳೆಗಳಲ್ಲಿ ಎಪ್ಪತ್ತು ದಾಟಿದ ತಾಯಂದಿರು ಇನ್ನೂ ಅನೇಕರಿದ್ದಾರೆ. ಕುಸ್ವಾರಿನ ನೆವ್ರಿಗೆ ಅಂಚು ಕಟ್ಟುವಾಗ ಬೆರಳು ಹೇಗೆ ತಿರುಗಬೇಕೆಂದು ಅವರನ್ನು ಕೇಳಿದರೆ ಬಾಯಿಂದ ಉತ್ತರ ಬಾರದು. ಹಿಟ್ಟನ್ನು ಕೈಗೆತ್ತಿಕೊಂಡು ಮಾಡಿಯೇ ತೋರಿಸುತ್ತಾರೆ.