ಡಕೋಟಾ ಅಂದ್ರ ಬೈಗುಳ ಅಲ್ಲ

ಕಿಕ್ ಹೊಡದ್ರೂ ಚಾಲೂ ಆಗದ ಸ್ಕೂಟರ್, ಗಡಗಡ ಅನ್ನೋ ಬಸ್ಸು, ಬಾಗಿಲಾ ಸರಿಯಾಗಿ ಹಾಕ್ಕೊಳ್ಳದ ಕಾರು, ಎಲ್ಲಾಕ್ಕೂ ನಮ್ಮ ಮಂದಿ ಇಟ್ಟ ಹೆಸರು ಒಂದ: 'ಡಕೋಟಾ'. ವೈನಿ, ಅಕ್ಕಾ, ಇವತ್ತ ಆ ಖರೇ ಡಕೋಟಾದ ಕಥಿ ಕೇಳ್ರಿ.

2019ರ ಫೆಬ್ರುವರಿಯೊಳಗ ಯಲಹಂಕದ ಏರ್ ಶೋದಾಗ ನಾನು ಅದನ್ನ ನೋಡಿದೆ. ಶೋ ಶುರು ಆಗೋ ಹಿಂದಿನ ದಿನಾನ ಸೂರ್ಯಕಿರಣದ ಎರಡು ವಿಮಾನ ರಿಹರ್ಸಲ್‌ದಾಗ ಡಿಕ್ಕಿ ಹೊಡದು ಒಬ್ಬ ಪೈಲಟ್ ತೀರಿಕೊಂಡಿದ್ರು. ಎಲ್ಲಾರ ಮನಸ್ಸೂ ಭಾರ ಇತ್ತು. ಜೆಟ್‌ಗಳು ಎದಿ ನಡುಗಿಸಿ ಹೋದ್ವು, ಮಕ್ಕಳು ಕಿವಿ ಮುಚ್ಚಿಕೊಂಡ್ವು. ಈ ಡಕೋಟಾ ಮಾತ್ರ ಎರಡು ಪಂಖಾ ತಿರುಗಿಸಿಕೋತ, ಗುಂಯ್ ಅಂತ, ಅವಸರಾನ ಇಲ್ದ ಹಂಗ ಬಂತು. ನೆಲದ ಮ್ಯಾಲೆ ಅದರ ಮೂತಿ ಎತ್ತರ, ಬಾಲ ತಗ್ಗು. ಗ್ವಾಡಿಗೆ ಬೆನ್ನು ಕೊಟ್ಟು, ಕಾಲು ಚಾಚಿ ಕೂತ ಅಜ್ಜಿ ಹಂಗ.

ಇದು ಗುಂಡು ಹಾರಿಸಿ ಹೆಸರು ಮಾಡಿದ ವಿಮಾನ ಅಲ್ಲ, ಹೊರೆ ಹೊತ್ತು ಮಾಡಿದ್ದು. 1947ರ ಅಕ್ಟೋಬರ್ 27ರಂದು ದಿಲ್ಲಿಯಿಂದ ಸಿಖ್ ರೆಜಿಮೆಂಟಿನ ಸೈನಿಕರನ್ನ ಶ್ರೀನಗರಕ್ಕ ಮುಟ್ಟಿಸಿದ್ದು ಡಕೋಟಾಗಳು. ಅವರ ಮುಂದಾಳು ಲೆಫ್ಟಿನೆಂಟ್ ಕರ್ನಲ್ ದಿವಾನ್ ರಂಜಿತ್ ರಾಯ್ ಅವತ್ತ ಹೋರಾಡಿ ಮಡಿದ್ರು. ಆ ಡಿಸೆಂಬರ್‌ದಾಗ ಪೂಂಛ್ ಪಟ್ಟಣಾನ ವೈರಿಗಳು ಸುತ್ತುವರದಿದ್ರು. ಅಲ್ಲಿ ಸಿಕ್ಕಿಬಿದ್ದ ನಿರಾಶ್ರಿತರು ಸೈನಿಕರ ಜೋಡಿ ಕೂಡಿ, ಮಣ್ಣು ಕಲ್ಲು ಹೊತ್ತು, ವಿಮಾನ ಇಳಿಯೋ ಜಾಗಾ ಮಾಡಿಕೊಟ್ರು. ಮೆಹರ್ ಸಿಂಗ್ ಡಕೋಟಾ ತಗೊಂಡು ಅಲ್ಲೇ ಇಳಿದ್ರು. ಬರೋವಾಗ ಸಾಮಾನು, ಹೋಗೋವಾಗ ಗಾಯ ಆದವರು, ಹೆಂಗಸರು, ಮಕ್ಕಳು.

ಯಲಹಂಕದಾಗ ಕಂಡ ವಿಮಾನದ ಬಾಲದ ಮ್ಯಾಲೆ ಬರದ ನಂಬರ್ ವಿಪಿ 905. ಅದು 1947ರಾಗ ಶ್ರೀನಗರಕ್ಕ ಹೋದ ಒಂದು ಡಕೋಟಾದ ನಂಬರ್. ಆದ್ರ ವಿಮಾನ ಮಾತ್ರ ಅದಲ್ಲ. ಇದು 1944ರಾಗ ತಯಾರಾಗಿ, ಆಮೇಲೆ ಗುಜರಿಗೆ ಬೀಳೋ ಸ್ಥಿತಿಯೊಳಗಿದ್ದದ್ದು. ರಾಜೀವ್ ಚಂದ್ರಶೇಖರ್ ಅವರು ಅದನ್ನ ಕೊಂಡು, ದುರಸ್ತಿ ಮಾಡಿಸಿ, ವಾಯುಪಡೆಗೆ ಕಾಣಿಕಿ ಕೊಟ್ರು. ಅವರ ತಂದಿ ಡಕೋಟಾ ಹಾರಿಸಿದವರು. 2018ರ ಮೇ ತಿಂಗಳಾಗ 'ಪರಶುರಾಮ' ಅಂತ ಹೆಸರಿಟ್ಟು ಸೇರಿಸಿಕೊಂಡ್ರು. ಕೆಲವರು "ಹಂಗಾದ್ರ ಇದು ಅಸಲಿ ಅಲ್ಲ ಬಿಡ್ರಿ" ಅಂತಾರ. ತೀರಿಹೋದ ಅಜ್ಜಿ ಹೆಸರು ಮೊಮ್ಮಗಳಿಗೆ ಇಡ್ತೀವಲ್ಲ, ಆಕಿಗೆ ಯಾರಾದ್ರೂ ನಕಲಿ ಅಂತಾರೇನು? ಹೆಸರು ಕೂಗೋವರಿಗೆ ಅಜ್ಜಿ ನೆನಪಾಗಬೇಕು, ಅಷ್ಟ.

ಡಕೋಟಾಕ್ಕ ನಮ್ಮ ಬೆಂಗಳೂರು ತವರುಮನಿ ಇದ್ದಂಗ. 1940ರಾಗ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೋಡಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಕಟ್ಟಿದ್ರು. ಎರಡನೇ ಮಹಾಯುದ್ಧದಾಗ ಅಮೆರಿಕದವರ ದಣಿದ ವಿಮಾನಗಳು ಅಲ್ಲಿಗೆ ದುರಸ್ತಿಗೆ ಬರತಿದ್ವು, ಡಕೋಟಾನೂ ಬಂದವು. ಬಾಣಂತನಕ್ಕ ಬಂದ ಮಗಳ ಹಂಗ ಚೇತರಿಸಿಕೊಂಡು ಹೋಗತಿದ್ವು.

ಮುಂದ ಯಾವಾಗರೆ ಏರ್ ಶೋದಾಗ ಡಕೋಟಾ ಬಂದ್ರ, ಮಕ್ಕಳ ಕಿವಿಯೊಳಗಿನ ಹತ್ತಿ ತಗಸ್ರಿ. ಅದರ ಸಪ್ಪಳಾ ಕೇಳಬೇಕಾದದ್ದು.